ಒಂದೇ ಲೈನು, ನಾಲ್ಕು ಕಂಪ್ಯೂಟರು

ಕೇಳುಗರಿಗೆ ನಮಸ್ಕಾರ.

ಧಾರವಾಡದ ಸಪ್ತಾಪುರದಲ್ಲಿ ನಮ್ಮ ಮನೆ. ಮನೆಯಲ್ಲಿ ನಾಲ್ಕು ಕಂಪ್ಯೂಟರ್, ನಾಲ್ಕರಲ್ಲೂ ವಿಂಡೋಸ್ ಬದಲು ಉಬುಂಟು ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ. ಇಂಟರ್‌ನೆಟ್ ಲೈನು ಮಾತ್ರ ಒಂದೇ, 40 ಎಂಬಿಪಿಎಸ್. ಈ 40 ಎನ್ನುವುದು ಬಿಟ್‌ಗಳ ಲೆಕ್ಕ, ಸೆಕೆಂಡಿಗೆ 40 ಮೆಗಾಬಿಟ್. ಫೈಲನ್ನು ನಾವು ಅಳೆಯುವುದು ಬೈಟ್‌ಗಳಲ್ಲಿ, ಎಂಟು ಬಿಟ್‌ಗೆ ಒಂದು ಬೈಟ್. ಹಾಗಾಗಿ ಸೆಕೆಂಡಿಗೆ ಹೆಚ್ಚೆಂದರೆ 5 ಎಂಬಿ ಬಂದೀತು.

ಒಂದು ಸಂಜೆ ಮಗಳು ಆನ್‌ಲೈನ್ ಕ್ಲಾಸಿಗೆ ಕೂತಿದ್ದಳು. "ಅಪ್ಪಾ, ಸರ್ ದನಿ ತುಂಡ ತುಂಡ ಕೇಳಸಾಕತ್ತೈತಿ" ಅಂದಳು. ಪಕ್ಕದ ಕೋಣೆಯಲ್ಲಿ ಮಗ ಟೊರೆಂಟ್‌ನಿಂದ, ಅಂದರೆ ಫೈಲನ್ನು ತುಣುಕು ತುಣುಕಾಗಿ ಹಲವರ ಕಂಪ್ಯೂಟರಿನಿಂದ ತರಿಸುವ ವಿಧಾನದಿಂದ, ಹೊಸ ಉಬುಂಟು ಇಳಿಸುತ್ತಿದ್ದ. ವೇಗ ನೋಡಿದರೆ ಸೆಕೆಂಡಿಗೆ ಬರೀ 1 ಎಂಬಿ. ಲೈನಿನಲ್ಲಿ ಇನ್ನೂ ಬೇಕಾದಷ್ಟು ಜಾಗವಿತ್ತು. ಆಜ್ಞೆ ಟೈಪ್ ಮಾಡುವ ಟರ್ಮಿನಲ್ ತೆರೆದು ಪಿಂಗ್ ಹಾಕಿದೆ; ದೂರದ ಕಂಪ್ಯೂಟರಿಗೆ ಪುಟ್ಟ ಸಂದೇಶ ಕಳಿಸಿ ಉತ್ತರಕ್ಕೆ ಎಷ್ಟು ಹೊತ್ತಾಯಿತೆಂದು ಹೇಳುವ ಆಜ್ಞೆ ಅದು. ಉಳಿದ ದಿನ 30 ಮಿಲಿಸೆಕೆಂಡಿನಲ್ಲಿ ಬರುವ ಉತ್ತರ ಅವತ್ತು 900ಕ್ಕೆ ಬಂತು.

ಸಿಕ್ಕಿಕೊಂಡಿದ್ದು ಅಪ್‌ಲೋಡಿನಲ್ಲಿ. ಟೊರೆಂಟ್ ಇಳಿಸುತ್ತಲೇ ಬೇರೆಯವರಿಗೆ ಹಂಚುತ್ತದೆ, ಅದಕ್ಕೆ ಮಿತಿ ಹಾಕಿರಲಿಲ್ಲ. ಹೊರಗೆ ಹೋಗುವ ದಾರಿ ತುಂಬಿದರೆ ಪ್ಯಾಕೆಟ್‌ಗಳು, ಅಂದರೆ ಮಾಹಿತಿಯ ಪುಟ್ಟ ಕಟ್ಟುಗಳು, ಮೋಡೆಮ್‌ನಲ್ಲಿ ಸಾಲು ನಿಲ್ಲುತ್ತವೆ. ಮಗಳ ಕಂಪ್ಯೂಟರ್ ಕಳಿಸುವ "ಬಂದು ಮುಟ್ಟಿತು, ಮುಂದಿನದು ಕಳಿಸು" ಎಂಬ ಪುಟ್ಟ ಸಂದೇಶವೂ ಅದೇ ಸಾಲಿನ ಕೊನೆಗೆ. ಅದು ಮುಟ್ಟುವ ತನಕ ಆ ಕಡೆಯವರು ಕಾಯುತ್ತಾರೆ. ಟೊರೆಂಟ್ ಇಳಿಸುವ ಟ್ರಾನ್ಸ್‌ಮಿಷನ್ ತಂತ್ರಾಂಶದಲ್ಲಿ ಅಪ್‌ಲೋಡಿಗೆ ಮಿತಿ ಕೊಟ್ಟೆ, ನಮ್ಮ ಲೈನಿನ ಅಪ್‌ಲೋಡಿನ ಅರ್ಧದಷ್ಟು. ಪಿಂಗ್ 35ಕ್ಕೆ ಇಳಿಯಿತು, ಕ್ಲಾಸು ನಡೆಯಿತು. ರೌಟರ್‌ನಲ್ಲಿ ಓಪನ್‌ಡಬ್ಲ್ಯೂಆರ್‌ಟಿ ಎಂಬ ಲಿನಕ್ಸ್ ಆಧಾರಿತ ತಂತ್ರಾಂಶ ಹಾಕಿಕೊಂಡವರಿಗೆ ಇನ್ನೂ ಒಳ್ಳೆಯ ದಾರಿ ಇದೆ. ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ 2018ರ 4.19 ಆವೃತ್ತಿಯಿಂದ ಸೇರಿರುವ ಕೇಕ್ ಎಂಬ ವ್ಯವಸ್ಥೆ ಮನೆಯ ಎಲ್ಲ ಕಂಪ್ಯೂಟರಿಗೂ ಸರದಿ ಹಚ್ಚಿಕೊಡುತ್ತದೆ. ಲೈನಿನ ವೇಗಕ್ಕಿಂತ ತುಸು ಕಡಿಮೆ ಅಂಕಿ ಕೊಡಬೇಕು, ಅಷ್ಟೇ.

ಹಾಗಂತ ಟೊರೆಂಟ್ ಬಿಡಬೇಡಿ. ದೊಡ್ಡ ಫೈಲಿಗೆ ನಾನು ಮೊದಲು ನೋಡುವುದು ಅದನ್ನೇ. ಪ್ರತಿ ತುಣುಕನ್ನೂ ಅದು ತಾನೇ ಪರೀಕ್ಷಿಸಿ, ಕೆಟ್ಟ ತುಣುಕನ್ನಷ್ಟೇ ಮತ್ತೆ ತರಿಸುತ್ತದೆ. ನೇರ ಕೊಂಡಿಯಿಂದ ಇಳಿಸುವುದಾದರೆ ಟರ್ಮಿನಲ್‌ನಲ್ಲಿ ಡಬ್ಲ್ಯೂಗೆಟ್ ಎಂಬ ಆಜ್ಞೆ ಬಳಸಿ, ಜೊತೆಗೆ ಹೈಫನ್ ಸಿ ಎಂಬ ಆಯ್ಕೆ ಕೊಡಿ. ನಡುವೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಯುತ್ತದೆ, ಆ ಸರ್ವರ್ ಅದಕ್ಕೆ ಒಪ್ಪಿದರೆ. ಅದರದ್ದೇ ಲಿಮಿಟ್-ರೇಟ್ ಎಂಬ ಆಯ್ಕೆಯಲ್ಲಿ 1ಎಂ ಎಂದು ಕೊಟ್ಟರೆ ಸೆಕೆಂಡಿಗೆ 1 ಎಂಬಿ ಮೀರುವುದಿಲ್ಲ. ಇಳಿದ ಮೇಲೆ ಫೈಲಿನ ಗುರುತಿನ ಸಂಖ್ಯೆ ಲೆಕ್ಕ ಹಾಕುವ ಶಾ256ಸಮ್ ಆಜ್ಞೆ ಹಾಕಿ, ಫೈಲು ಕೊಟ್ಟವರು ಹೇಳಿದ ಸಂಖ್ಯೆಗೆ ತಾಳೆ ನೋಡುವುದನ್ನು ಮರೆಯಬೇಡಿ.

ಇನ್ನು ಅಪ್‌ಡೇಟ್‌ಗಳು. ಒಂದೇ ಪ್ಯಾಕೇಜನ್ನು, ಅಂದರೆ ಒಂದೇ ತಂತ್ರಾಂಶದ ಕಟ್ಟನ್ನು, ನಾಲ್ಕು ಸಲ ತರಿಸುವುದು ನನಗೆ ಸಂಕಟದ ಮಾತು. ಹಳೆಯ ಡೆಸ್ಕ್‌ಟಾಪಿನಲ್ಲಿ ಇಳಿದ ಪ್ಯಾಕೇಜುಗಳನ್ನು ಕೂಡಿಡುವ ಆಪ್ಟ್-ಕ್ಯಾಷರ್-ಎನ್‌ಜಿ ಎಂಬ ತಂತ್ರಾಂಶ ಹಾಕಿದೆ, ಉಳಿದ ಮೂರಕ್ಕೂ ಅದರ ಬಾಗಿಲಾದ 3142ನೇ ಪೋರ್ಟ್ ತೋರಿಸಿದೆ. ಮೊದಲು ಕೇಳಿದ ಕಂಪ್ಯೂಟರಿಗಾಗಿ ಹೊರಗಿನಿಂದ ಬಂದದ್ದು ಉಳಿದವಕ್ಕೆ ಮನೆಯೊಳಗಿಂದಲೇ ಸಿಗುತ್ತದೆ. ನಳದ ನೀರಿಗೆ ದಿನಗಟ್ಟಲೆ ಕಾದ ಹುಬ್ಬಳ್ಳಿ-ಧಾರವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕೇ? ನೀರು ಬಂದಾಗ ಟಾಕಿ ತುಂಬಿಸಿಕೊಂಡು ಮನೆಮಂದಿಯೆಲ್ಲ ಅದರಿಂದಲೇ ಬಳಸಿದ ಹಾಗೆ.

ಹೆಚ್ಚಿನ ಪ್ಲಾನಿಗೆ ದುಡ್ಡು ಕಟ್ಟುವ ಮೊದಲು ಇವತ್ತು ರಾತ್ರಿ ಒಂದು ದೊಡ್ಡ ಫೈಲನ್ನು ಅಪ್‌ಲೋಡಿಗೆ ಹಚ್ಚಿ, ಪಕ್ಕದಲ್ಲೇ ಪಿಂಗ್ ಹಾಕಿ ಆ ಅಂಕಿ ಎಲ್ಲಿಗೆ ಏರುತ್ತದೆ ನೋಡಿ.

ನಮಸ್ಕಾರ.