ಫೋನಿನ ಬಿಸಿ ಎಲ್ಲಿಗೆ ಹೋಗುತ್ತದೆ?

ಎಲ್ಲರಿಗೂ ನಮಸ್ಕಾರ. ಮುಂಬೈನ ಮಾಟುಂಗದಲ್ಲಿ ಮಾತಾಡುವುದು ಕಷ್ಟ, ಹೊರಗಿನ ಸಾಂಬಾರಿನ ಪರಿಮಳ ಗಮನವನ್ನೆಲ್ಲ ಎಳೆದುಕೊಳ್ಳುತ್ತದೆ. ಅದಕ್ಕೇ ಸಾಂಬಾರನ್ನೇ ಒಳಗೆ ತರಿಸಿದ್ದೇನೆ.

ಈ ಪಾತ್ರೆಯಲ್ಲಿ ಒಂದು ಸ್ಟೀಲ್ ಸೌಟು, ಒಂದು ಅಲ್ಯುಮಿನಿಯಂ ಸೌಟು ಇವೆ. ಎರಡರ ಹಿಡಿಯ ಮೇಲೂ ಕಡಲೆಕಾಳಿನಷ್ಟು ಬೆಣ್ಣೆ ಇಟ್ಟಿದ್ದೇನೆ. ಮುಂದಿನ ಸಾಲಿನ ಅಕ್ಕ, ಯಾವುದು ಮೊದಲು ಕರಗುತ್ತೆ ನೋಡ್ತಾ ಇರಿ.

ಹೋದ ಮೇ ತಿಂಗಳಲ್ಲಿ ಟ್ಯಾಕ್ಸಿಯಲ್ಲಿ ಪನ್ವೇಲ್‌ಗೆ ಹೊರಟಿದ್ದೆ. ಮ್ಯಾಪ್ ಹಾಕಿ, ಚಾರ್ಜಿಗೆ ಚುಚ್ಚಿ, ಫೋನನ್ನು ಮುಂದಿನ ಗಾಜಿನ ಹತ್ತಿರ ಬಿಸಿಲಲ್ಲಿ ಇಟ್ಟಿದ್ದೆವು. ವಾಶಿ ಸೇತುವೆ ದಾಟುವಷ್ಟರಲ್ಲಿ ಸ್ಕ್ರೀನ್ ಮಂಕಾಯಿತು, ಚಾರ್ಜೂ ನಿಂತಿತು. ಡ್ರೈವರ್ ಕುಂದಾಪುರದವರು. "ಮೆಟಲ್ ಬಾಡಿ ಅಲ್ವಾ ಸಾರ್, ಅದಕ್ಕೇ ಬಿಸಿ" ಅಂದರು. ಬಹಳ ಜನ ಹೀಗೇ ಅಂದುಕೊಂಡಿದ್ದಾರೆ.

ನಿಜ ಏನೆಂದರೆ, ಬಿಸಿ ಹುಟ್ಟುವುದು ಹೆಚ್ಚಾಗಿ ಉಗುರಿನಷ್ಟು ದೊಡ್ಡ ಚಿಪ್‌ನಲ್ಲಿ. ಚಾರ್ಜ್ ಮಾಡುವಾಗ ಬ್ಯಾಟರಿಯೂ ತನ್ನ ಪಾಲು ಸೇರಿಸುತ್ತದೆ. ಆ ಬಿಸಿ ಮೈಯೆಲ್ಲ ಹರಡಿ, ಅಲ್ಲಿಂದ ಗಾಳಿಗೆ ಸೇರಬೇಕು. ಹರಡುವ ಕೆಲಸದಲ್ಲಿ ಲೋಹಗಳ ನಡುವೆ ಅಜಗಜಾಂತರ. ಬಿಸಿ ಸಾಗಿಸುವ ಸಾಮರ್ಥ್ಯಕ್ಕೆ ಅಂಕ ಕೊಟ್ಟರೆ ತಾಮ್ರಕ್ಕೆ ಸುಮಾರು 400, ಶುದ್ಧ ಅಲ್ಯುಮಿನಿಯಂಗೆ 237. ಸ್ಟೇನ್‌ಲೆಸ್ ಸ್ಟೀಲ್‌ಗೆ 15ರ ಆಸುಪಾಸು. ಗಟ್ಟಿಯಾದ ಟೈಟಾನಿಯಂ ಮಿಶ್ರಲೋಹಕ್ಕೆ ಬರೀ 7! ಗಾಜಿಗೆ 1, ಪ್ಲಾಸ್ಟಿಕ್‌ಗೆ 0.2. ಮೀಟರಿಗೆ, ಡಿಗ್ರಿಗೆ ಇಷ್ಟು ವ್ಯಾಟ್ ಎಂಬ ಲೆಕ್ಕ ಇದು.

ಏನಕ್ಕಾ, ಅಲ್ಯುಮಿನಿಯಂ ಬೆಣ್ಣೆ ಜಾರಿತಾ? ಸ್ಟೀಲ್‌ದು ಹಾಗೇ ಕೂತಿದೆ. ಸರಿ.

2023ರ ಐಫೋನ್ 15 ಪ್ರೊಗೆ ಟೈಟಾನಿಯಂ ಬಂತು. ಬಿಸಿಯಾಗುತ್ತೆ ಅಂತ ದೂರು ಎದ್ದಾಗ ಎಲ್ಲರೂ ಟೈಟಾನಿಯಂ ಮೇಲೆ ಬೆರಳು ತೋರಿಸಿದರು. ಆಪಲ್ ತಪ್ಪು ಸಾಫ್ಟ್‌ವೇರ್‌ದು ಎಂದು ಹೇಳಿ ಅಪ್‌ಡೇಟ್ ಕೊಟ್ಟಿತು. ಅದರ ಒಳಚೌಕಟ್ಟು ಅಲ್ಯುಮಿನಿಯಮ್ಮೇ ಆಗಿತ್ತು, ಟೈಟಾನಿಯಂ ಇದ್ದದ್ದು ಅಂಚಿಗೆ. ಆದರೂ 2025ರ 17 ಪ್ರೊದಲ್ಲಿ ಮೈಯೇ ಅಲ್ಯುಮಿನಿಯಂ, ಒಳಗೆ ನೀರು ಆವಿಯಾಗಿ ಬಿಸಿ ಹೊತ್ತೊಯ್ಯುವ ವೇಪರ್ ಚೇಂಬರ್. ನನಗೇನೋ ಇದರಲ್ಲೇ ಉತ್ತರ ಇದೆ ಅನ್ನಿಸುತ್ತದೆ.

ಹಾಗಾದರೆ ಮುಂಬೈನ ತಾಮ್ರದ ಪೇಟೆ ತಾಂಬಾ ಕಾಂಟಾಕ್ಕೆ ಹೋಗಿ ತಾಮ್ರದ ಫೋನ್ ಮಾಡಿಸೋಣವೇ? ಭಾರ ಜಾಸ್ತಿ, ಬೆಲೆಯೂ ಜಾಸ್ತಿ. ಅದಕ್ಕಿಂತ ದೊಡ್ಡ ತೊಡಕು ಗಾಳಿಯದ್ದು. ಹದಿನೈದು ಸೆಂಟಿಮೀಟರ್ ಉದ್ದ, ಏಳು ಅಗಲದ ಫೋನ್ ಸುತ್ತಲಿನ ಗಾಳಿಗಿಂತ 20 ಡಿಗ್ರಿ ಜಾಸ್ತಿ ಬಿಸಿ ಇದ್ದರೂ ನಿಂತ ಗಾಳಿಗೆ ಬಿಡುವುದು ಅಂದಾಜು 4 ವ್ಯಾಟ್. ಲೋಹ ಒಂದೇ ಕಡೆ ಸುಡದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಮೇನಲ್ಲಿ ನಮ್ಮ ಗಾಳಿಯೇ 34 ಡಿಗ್ರಿ ಇದ್ದರೆ ಪಾಪ ಅಲ್ಯುಮಿನಿಯಂ ಏನು ಮಾಡೀತು?

ಇನ್ನು ಕವರ್. ಸಾವಿರಗಟ್ಟಲೆ ಕೊಟ್ಟು ಲೋಹದ ಮೈ ಕೊಂಡು, ಮೇಲೆ ದಪ್ಪ ರಬ್ಬರ್ ಸ್ವೆಟರ್ ಹಾಕುತ್ತೇವೆ. ಆವತ್ತು ನಾನೂ ಹಾಕಿದ್ದೆ. ಡ್ರೈವರ್ ಅದನ್ನು ಕಳಚಿ, ಫೋನನ್ನು ಎಸಿ ಕಿಂಡಿಯ ಮುಂದೆ ಸಿಕ್ಕಿಸಿದರು. ಖಾರ್ಘರ್ ಬರುವ ಹೊತ್ತಿಗೆ ಮ್ಯಾಪ್ ಮತ್ತೆ ಬೆಳಗಿತು.