ಹಾಳೆಯ ಮೇಲೆ ಒಂದು ಕಲೆ

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರೋರು ಮುಂದೆ ಬನ್ನಿ, ಇಲ್ಲಿ ಜಾಗ ಇದೆ. ಪರದೆ ಚಿಕ್ಕದು, ಹತ್ತಿರ ಕೂತರೆ ಚೆನ್ನಾಗಿ ಕಾಣುತ್ತದೆ.

ಮೊದಲನೇ ಚಿತ್ರ ಇದು. ನನ್ನ ಸ್ಕೆಚ್ ಬುಕ್‌ನ ಒಂದು ಹಾಳೆ, ಎರಡು ಅಂಗೈ ಅಗಲ ಅಷ್ಟೆ. ಎಡಗಡೆ ಹುಲ್ಲಿನ ಗುಡ್ಡ, ನಡುವೆ ಕಣಿವೆಯ ಸಂದಿಯಲ್ಲಿ ಒತ್ತಾಗಿ ಬೆಳೆದ ಶೋಲಾ ಕಾಡು, ಬಲಗಡೆ ಏನೂ ಇಲ್ಲ, ಬರೀ ಬಿಳಿ. ಕೆಳಗಿನ ಮೂಲೆಯಲ್ಲಿ ಕಂದು ಬಣ್ಣದ ಒಂದು ಕಲೆ ಕಾಣಿಸ್ತಿದೆಯಾ? ಅದು ಬಣ್ಣ ಅಲ್ಲ, ನನ್ನ ರಕ್ತ. ಬೆರಳಿನ ಸಂದಿಯಲ್ಲಿ ಉಂಬಳ, ಅಂದರೆ ಜಿಗಣೆ, ಕಚ್ಚಿತ್ತು. ಮಲೆನಾಡಿನವರಿಗೆ ಗೊತ್ತು, ಉಂಬಳ ಬಿದ್ದುಹೋದ ಮೇಲೂ ರಕ್ತ ಬೇಗ ನಿಲ್ಲೋದಿಲ್ಲ, ಹೆಪ್ಪುಗಟ್ಟದ ಹಾಗೆ ಅದು ಏನೋ ಬಿಟ್ಟು ಹೋಗುತ್ತದೆ. ಆ ಬೆರಳಲ್ಲೇ ಕುಂಚ ಹಿಡಿದಿದ್ದೆ.

ಇದು ಕುದುರೆಮುಖದ ದಾರಿ. ಶಿಖರ ಸುಮಾರು 1,890 ಮೀಟರ್ ಎತ್ತರ. ಕಳಸದ ಕಡೆಯಿಂದ ಮುಳ್ಳೋಡಿಗೆ ಹೋಗಿ ಅಲ್ಲಿಂದ ಬೆಳಿಗ್ಗೆ ಹತ್ತೋಕೆ ಶುರು ಮಾಡಿದ್ವಿ. ನಾನು ಹೋಗಿದ್ದು ಫೋಟೋ ತೆಗೆಯೋಕೆ, ಚಿತ್ರ ಬರೆಯೋಕಲ್ಲ. ಎರಡು ಗಂಟೆ ನಡೆದ ಮೇಲೆ ಮಂಜು ಬಂತು, ಜೊತೆಗೆ ಸಣ್ಣ ಮಳೆ. ಕ್ಯಾಮೆರಾ ಹೊರಗೆ ತೆಗೆದರೆ ಲೆನ್ಸ್ ಒಳಗಡೆಯೇ ಬೆವತಿದೆ. ಒರೆಸೋಕೂ ಆಗೋದಿಲ್ಲ, ಗಾಜಿನ ಒಳಗೆ ಇದೆ ಅಲ್ವಾ. ಇನ್ನೇನು ವಾಪಸ್ ಹೋಗೋಣ ಅಂದೆ. ಜೊತೆಗೆ ಬಂದಿದ್ದ ಗೈಡ್, ಅಲ್ಲೇ ಕೆಳಗಿನ ಊರಿನ ಹುಡುಗ, ಒಂದು ಬಂಡೆ ತೋರಿಸಿ, "ಅಕ್ಕ, ಸ್ವಲ್ಪ ಕೂತ್ಕಳಿ. ಇದು ಬಿಡ್ತದೆ. ಬಿಟ್ರೆ ಆ ಕಡೆಯಿಂದ ಬಿಡ್ತದೆ" ಅಂತ ಎಡಗಡೆ ಕೈ ಮಾಡಿದ.

ಕೂತೆ. ಬ್ಯಾಗಲ್ಲಿ ಸ್ಕೆಚ್ ಬುಕ್ ಇತ್ತು, ಸುಮ್ನೆ ತೆಗೆದೆ. ಅವನು ಹೇಳಿದ ಹಾಗೇ ಎಡಗಡೆಯಿಂದ ಗುಡ್ಡ ಬಿಡಿಸಿಕೊಂಡು ಬಂತು. ಮೊದಲು ಹುಲ್ಲಿನ ಒಂದು ಅಂಚು, ಆಮೇಲೆ ಇಳಿಜಾರು, ಆಮೇಲೆ ಮರಗಳ ತಲೆ. ಬರೆಯುತ್ತಾ ಹೋದಾಗ ನನಗೆ ಮೊದಲ ಸಲ ಒಂದು ವಿಷಯ ಕಣ್ಣಿಗೆ ಬಿತ್ತು. ಹುಲ್ಲು ಮುಗಿದು ಕಾಡು ಶುರುವಾಗೋ ಕಡೆ ನಿಧಾನವಾಗಿ ಬದಲಾಗೋದಿಲ್ಲ, ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಗೆರೆ ಇದೆ. ಈ ಕಡೆ ಮೊಣಕಾಲೆತ್ತರದ ಹುಲ್ಲು, ಒಂದು ಹೆಜ್ಜೆ ಆ ಕಡೆ ಕತ್ತಲೆ. ಅದಕ್ಕೆ ಮುಂಚೆ ನಾಲ್ಕು ಸಲ ಅದೇ ದಾರಿಯಲ್ಲಿ ಹೋಗಿ ನೂರಾರು ಫೋಟೋ ತೆಗೆದಿದ್ದೆ. ಆ ಗೆರೆ ಎಲ್ಲಾ ಫೋಟೋದಲ್ಲೂ ಇದೆ. ನಾನು ನೋಡಿರಲಿಲ್ಲ. ಬರೆಯೋ ಕೈಗೆ ಮಾತ್ರ, ಇಲ್ಲಿ ಬಣ್ಣ ನಿಲ್ಲಿಸಬೇಕು ಅಂತ ಗೊತ್ತಾಯಿತು.

ಬಲಗಡೆಯ ಬಿಳಿ ಹಾಗೇ ಉಳಿಯಿತು. ಆ ಕಡೆ ಮಂಜು ಬಿಡಲೇ ಇಲ್ಲ.

ಆವತ್ತಿನಿಂದ ನನಗೆ ಒಂದು ಹುಚ್ಚು ಹಿಡಿಯಿತು. ಕಾಡಿನ ಯಾವುದೇ ಒಳ್ಳೆ ಚಿತ್ರ ನೋಡಿದರೂ, ಇದನ್ನು ತೆಗೆದವರು ಎಲ್ಲಿ ನಿಂತಿದ್ದರು, ಎಷ್ಟು ಹೊತ್ತು ಕಾದರು, ಚೌಕಟ್ಟಿನ ಪಕ್ಕದಲ್ಲಿ ಏನಿತ್ತು ಅಂತ ಹುಡುಕೋದು. ಹಾಗೆ ಹುಡುಕುತ್ತಾ ಸಿಕ್ಕಿದ ಇಬ್ಬರ ಬಗ್ಗೆ ಇವತ್ತು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಅವರಲ್ಲಿ ಒಬ್ಬರು ಫೋಟೋ ತೆಗೆಯುವವರು, ಒಬ್ಬರು ಬಣ್ಣ ಹಚ್ಚುವವರು, ಇಬ್ಬರೂ ಒಂದೇ ಜಾಗದಲ್ಲಿ ಅಕ್ಕಪಕ್ಕ ನಿಂತಿದ್ದರು.

1871. ಅಮೆರಿಕದಲ್ಲಿ ಯೆಲ್ಲೋಸ್ಟೋನ್ ಅನ್ನೋ ಜಾಗ. ನೆಲದಿಂದ ಬಿಸಿನೀರು ಚಿಮ್ಮುತ್ತದೆ, ಮಣ್ಣು ಕುದಿಯುತ್ತದೆ ಅಂತ ಹೋಗಿಬಂದವರು ಹೇಳಿದರೆ ಪೇಟೆಯ ಜನ ನಂಬುತ್ತಿರಲಿಲ್ಲ. ಸರ್ಕಾರ ಹೇಡನ್ ಅನ್ನೋ ಭೂವಿಜ್ಞಾನಿಯ ಕೈಯಲ್ಲಿ ಒಂದು ಸರ್ವೆ ತಂಡ ಕಳಿಸಿತು. ತಂಡದ ಫೋಟೋಗ್ರಾಫರ್ ವಿಲಿಯಂ ಹೆನ್ರಿ ಜಾಕ್ಸನ್, 28 ವರ್ಷ. ಚಿತ್ರಕಾರ ಥಾಮಸ್ ಮೊರಾನ್, 34 ವರ್ಷ. ಮೊರಾನ್ ಅದಕ್ಕೆ ಮುಂಚೆಯೇ ಒಂದು ಪತ್ರಿಕೆಗೆ ಯೆಲ್ಲೋಸ್ಟೋನ್‌ನ ಚಿತ್ರ ಬರೆದುಕೊಟ್ಟಿದ್ದರು, ಬೇರೆಯವರ ಗೀಚು ಚಿತ್ರ ನೋಡಿಕೊಂಡು, ಜಾಗವನ್ನೇ ನೋಡದೆ! ಬಹುಶಃ ಅದೇ ಕೊರೆಯುತ್ತಿತ್ತೋ ಏನೋ, ಸಾಲ ಮಾಡಿ ಹೊರಟರು. ರೈಲ್ವೆ ಕಂಪನಿಗೆ ಹಣ ಹೂಡಿಸುತ್ತಿದ್ದ ಒಬ್ಬ ಬ್ಯಾಂಕರ್ 500 ಡಾಲರ್ ಕೊಟ್ಟ. ಮೊರಾನ್‌ಗೆ ಕುದುರೆ ಸವಾರಿ ಅಭ್ಯಾಸ ಇರಲಿಲ್ಲ, ತಡಿಯ ಮೇಲೆ ದಿಂಬು ಹಾಕಿಕೊಂಡು ಕೂರುತ್ತಿದ್ದರಂತೆ.

ಆ ಕಾಲದ ಫೋಟೋ ಅಂದರೆ ಏನು ಅಂತ ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿ. ಒಂದು ಗಾಜು. ಅದರ ಮೇಲೆ ಕೊಲೋಡಿಯನ್ ಅನ್ನೋ ಅಂಟಂಟು ದ್ರವ ಸಮನಾಗಿ ಸುರಿಯಬೇಕು. ಕತ್ತಲೆ ಡೇರೆಯೊಳಗೆ ಅದನ್ನು ಸಿಲ್ವರ್ ನೈಟ್ರೇಟ್‌ನಲ್ಲಿ ಅದ್ದಬೇಕು. ಒದ್ದೆ ಇರುವಾಗಲೇ ಕ್ಯಾಮೆರಾಗೆ ಹಾಕಿ, ಚಿತ್ರ ತೆಗೆದು, ಓಡಿಬಂದು ಡೇರೆಯಲ್ಲೇ ತೊಳೆಯಬೇಕು. ಒಣಗಿತೋ, ಎಲ್ಲಾ ಹೋಯಿತು. ಚಿತ್ರ ದೊಡ್ಡದು ಬೇಕಾದರೆ ಗಾಜೇ ದೊಡ್ಡದಿರಬೇಕು, ಈಗಿನ ಹಾಗೆ ಆಮೇಲೆ ಹಿಗ್ಗಿಸೋದು ಸುಲಭ ಇರಲಿಲ್ಲ. ಡೇರೆ, ಗಾಜು, ಸೀಸೆಗಳು, ನೀರು, ಎಲ್ಲವೂ ಹೇಸರಗತ್ತೆಯ ಬೆನ್ನ ಮೇಲೆ. ಜಾಕ್ಸನ್ ಅವರ ಒಂದು ಹೇಸರಗತ್ತೆಯ ಹೆಸರು ಹೈಪೋ. ಚಿತ್ರ ಅಳಿಸಿಹೋಗದ ಹಾಗೆ ನಿಲ್ಲಿಸೋ ರಾಸಾಯನಿಕದ ಹೆಸರದು. ಬಿಸಿನೀರ ಬುಗ್ಗೆಗಳ ಹತ್ತಿರ ಅವರಿಗೆ ಒಂದು ಅನುಕೂಲವೂ ಸಿಕ್ಕಿತು, ಅದೇ ನೀರಲ್ಲಿ ಗಾಜು ತೊಳೆದರೆ ಬೇಗ ಒಣಗುತ್ತಿತ್ತು. ನನಗೆ ಈ ವಿವರ ಬಹಳ ಇಷ್ಟ. ಆ ಬುಗ್ಗೆಯ ಚಿತ್ರವನ್ನು ಆ ಬುಗ್ಗೆಯ ನೀರೇ ತೊಳೆದಿದೆ.

ಮೊರಾನ್ ಪಕ್ಕದಲ್ಲಿ ಕೂತು ಪೆನ್ಸಿಲ್‌ನಲ್ಲಿ ಬೇಗ ಬೇಗ ಗೆರೆ ಹಾಕಿ, ಅಲ್ಲೇ ಬಣ್ಣಗಳ ಹೆಸರು ಬರೆದುಕೊಳ್ಳುತ್ತಿದ್ದರು. ಜಾಕ್ಸನ್‌ಗೆ ಸಿಗದಿದ್ದದ್ದು ಬಣ್ಣ, ಮೊರಾನ್‌ಗೆ ಇಲ್ಲದಿದ್ದದ್ದು ಸಾಕ್ಷಿ. ಒಂದು ಫೋಟೋದಲ್ಲಿ, ಬುಗ್ಗೆಯ ನೀರೇ ಕಟ್ಟಿದ ಕಲ್ಲಿನ ಮೆಟ್ಟಿಲುಗಳ ಮೇಲೆ ಸಣ್ಣಗೆ ಒಬ್ಬರು ನಿಂತಿದ್ದಾರೆ, ಅದು ಮೊರಾನೇ. ಅವರು ಅಲ್ಲಿ ನಿಂತಿದ್ದಕ್ಕೇ ನಮಗೆ ಆ ಮೆಟ್ಟಿಲು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ.

ಈ ಫೋಟೋ, ಈ ಜಲವರ್ಣಗಳನ್ನು ಅಮೆರಿಕದ ಸಂಸತ್ತಿನವರಿಗೆ ತೋರಿಸಿದರು. 1872ರ ಮಾರ್ಚ್ 1ರಂದು ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ ಆಯಿತು. ಮೊರಾನ್ ಅವರ ಹನ್ನೆರಡು ಅಡಿ ಅಗಲದ ದೊಡ್ಡ ತೈಲಚಿತ್ರ ನೋಡಿ ಕಾನೂನು ಮಾಡಿದರು ಅಂತ ಕೆಲವರು ಹೇಳುತ್ತಾರೆ, ಅದು ಸರಿಯಲ್ಲ. ಆ ದೊಡ್ಡ ಚಿತ್ರ ಮುಗಿದದ್ದೇ ಕಾನೂನು ಆದ ಮೇಲೆ. ಅದನ್ನು ಸಂಸತ್ತು 10,000 ಡಾಲರ್ ಕೊಟ್ಟು ಕೊಂಡಿತು. ಕೆಲಸ ಮಾಡಿದ್ದು ಆ ಸಣ್ಣ ಸಣ್ಣ ಹಾಳೆಗಳು ಮತ್ತು ಗಾಜುಗಳು.

ಮುಂದಿನ ಚಿತ್ರ. ಇದು 1873ರದ್ದು, ಕೊಲರಾಡೋದ ಒಂದು ಬೆಟ್ಟ. ಬಂಡೆಯ ಸೀಳುಗಳಲ್ಲಿ ಹಿಮ ನಿಂತು ಶಿಲುಬೆಯ ಆಕಾರ ಆಗಿದೆ. ಅದಕ್ಕೇ ಹೋಲಿ ಕ್ರಾಸ್ ಅಂತ ಹೆಸರು. ಜಾಕ್ಸನ್ ಎದುರಿನ ಬೆಟ್ಟ ಹತ್ತಿದರು. ಮೇಲೆ ಹೋದರೆ ಮಂಜು, ನಮ್ಮ ಕುದುರೆಮುಖದ ಹಾಗೇ. ಒಂದು ಕ್ಷಣ ತೆರೆದು ತೋರಿಸಿ ಮತ್ತೆ ಮುಚ್ಚಿಕೊಂಡಿತು. ಅವತ್ತು ರಾತ್ರಿ ಊಟ ಇಲ್ಲ, ಹೊದಿಕೆ ಇಲ್ಲ, ಬೆಟ್ಟದಲ್ಲೇ ಕಳೆದರು. ಬೆಳಿಗ್ಗೆ ಆಕಾಶ ತಿಳಿಯಾಯಿತು, ಆದರೆ ಗಾಜು ತೊಳೆಯೋಕೆ ನೀರಿಲ್ಲ, ಎಲ್ಲಾ ಹೆಪ್ಪುಗಟ್ಟಿದೆ. ಬಿಸಿಲಿಗೆ ಹಿಮ ಕರಗಿ ಹನಿ ಇಳಿಯೋವರೆಗೂ ಕಾದರು. ಆಮೇಲೆ ತೆಗೆದದ್ದು ಈ ಚಿತ್ರ.

ಮರುವರ್ಷ ಮೊರಾನ್ ಕೂಡ ಅಲ್ಲಿಗೆ ಹೋಗಿ ನೋಡಿ ಬಂದು, 1875ರಲ್ಲಿ ಅದರ ತೈಲಚಿತ್ರ ಮುಗಿಸಿದರು. ಅದರಲ್ಲಿ ಮುಂದುಗಡೆ ಹೊಳೆಯೊಂದು ಬಂಡೆಗಳ ಮೇಲೆ ಧುಮುಕುತ್ತಿದೆ, ಹಿಂದೆ ಶಿಲುಬೆ. ಆ ಹೊಳೆ ಅಲ್ಲಿ ಇದೆ, ನಿಜ. ಆದರೆ ಹೊಳೆಯ ಹತ್ತಿರ ನಿಂತರೆ ಶಿಲುಬೆ ಹಾಗೆ ಕಾಣೋದಿಲ್ಲ. ಎರಡನ್ನೂ ಅವರು ಒಟ್ಟಿಗೆ ತಂದರು. ಇದು ಸುಳ್ಳಾ? ನಾನು ಬಹಳ ದಿನ ಇದನ್ನು ಯೋಚಿಸಿದ್ದೇನೆ. ನನಗೆ ಅನಿಸೋದು, ದಾರಿಯುದ್ದಕ್ಕೂ ಆ ಹೊಳೆಯ ಸದ್ದು ಕೇಳುತ್ತಾ ನಡೆದವನಿಗೆ ಅದನ್ನು ಬಿಟ್ಟು ಬೆಟ್ಟ ಬರೆಯೋಕೆ ಮನಸ್ಸು ಬರೋದಿಲ್ಲ. ಬರೆದದ್ದು ತಪ್ಪಲ್ಲ. ಆದರೆ ಕೇಳಿದರೆ ಹೇಳಬೇಕು, ಹೊಳೆಯನ್ನು ನಾನು ಇಲ್ಲಿಗೆ ತಂದೆ ಅಂತ. ಇವತ್ತು ಫೋನಿನಲ್ಲಿ ಆಕಾಶ ಬದಲಾಯಿಸಿ ಹಾಕುವಾಗಲೂ ಅಷ್ಟೇ.

ಸೇರಿಸಿದ್ದು ಒಂದು ಕಡೆ ಇರಲಿ, ಬಿಟ್ಟದ್ದು ನನಗೆ ಇನ್ನೂ ಜಾಸ್ತಿ ಕಾಡುತ್ತದೆ. ಆ ಯೆಲ್ಲೋಸ್ಟೋನ್ ಚಿತ್ರಗಳನ್ನು ನೋಡಿದವರು ಅದು ಯಾರೂ ಇಲ್ಲದ ಕಾಡು ಅಂತಲೇ ಅಂದುಕೊಂಡರು. ಅಲ್ಲಿ ಸಾವಿರಾರು ವರ್ಷದಿಂದ ಜನ ಇದ್ದರು, ಶೋಶೋನಿ, ಕ್ರೋ, ಬ್ಯಾನಕ್ ಜನ. ಉದ್ಯಾನ ಆದ ಮೇಲೆ ಅವರಿಗೆ ಅಲ್ಲಿ ಜಾಗ ಇಲ್ಲದ ಹಾಗಾಯಿತು.

ಈಗ ನಮ್ಮ ಕಡೆಗೆ ಬರೋಣ. ಈ ಚಿತ್ರ ನೀವೆಲ್ಲಾ ನೋಡಿರೋದೇ. ಕಬಿನಿ ಹಿನ್ನೀರು, ಬೇಸಿಗೆಯ ಸಂಜೆ, ದಡದ ಹಸಿರಿನಲ್ಲಿ ಆನೆಗಳು, ನೀರಲ್ಲಿ ಎಲೆಯಿಲ್ಲದೆ ನಿಂತ ಮರಗಳು. ನಾನೂ ತೆಗೆದಿದ್ದೇನೆ, ಇದು ನನ್ನದೇ. ಆ ಮರಗಳು ಯಾಕೆ ಹಾಗಿವೆ ಅಂತ ಕೇಳಿ ನೋಡಿ. 1974ರಲ್ಲಿ ಅಣೆಕಟ್ಟು ಆಯಿತು, ಕಾಡೂ ಹಳ್ಳಿಗಳೂ ನೀರಲ್ಲಿ ಮುಳುಗಿದವು. ಇವು ಮುಳುಗಿದ ಕಾಡಿನ ಮರಗಳು. ಬೇಸಿಗೆಯಲ್ಲಿ ನೀರು ಇಳಿದಾಗ ಆ ನೆಲದಲ್ಲೇ ಹೊಸ ಹುಲ್ಲು ಬರುತ್ತದೆ, ಆ ಹುಲ್ಲಿಗೆ ಆನೆಗಳು ಬರುತ್ತವೆ. ನಾವು ಅಪ್ಪಟ ಕಾಡು ಅಂತ ಗೋಡೆಗೆ ನೇತುಹಾಕಿಕೊಳ್ಳೋ ಚಿತ್ರ ಇದೆಯಲ್ಲ, ಅದರ ಹುಲ್ಲು ಅಣೆಕಟ್ಟಿನ ಹುಲ್ಲು. ಪಕ್ಕದ ನಾಗರಹೊಳೆಯ ಹಾಡಿಗಳಿಂದ ಎಷ್ಟೋ ಜೇನು ಕುರುಬ ಕುಟುಂಬಗಳು ಹೊರಗೆ ಬರಬೇಕಾಯಿತು. ನನ್ನ ಫೋಟೋದಲ್ಲಿ ಇದು ಯಾವುದೂ ಇಲ್ಲ. ಅದಕ್ಕೇ ಈ ಚಿತ್ರ ಎಲ್ಲಿ ಇಟ್ಟರೂ ಕೆಳಗೆ ನಾಲ್ಕು ಸಾಲು ಬರೆದು ಇಡುತ್ತೇನೆ. ಬರೆಯದೆ ಇಟ್ಟರೆ ಏನೋ ಬಚ್ಚಿಟ್ಟ ಹಾಗೆ ಅನಿಸುತ್ತದೆ.

ಕೊನೆಯದು, ತೆಗೆಯದ ಒಂದು ಫೋಟೋ. ದಾಂಡೇಲಿಯ ಕಾಡು, ಬೇಸಿಗೆ. ಮಂಗಟ್ಟೆ ಹಕ್ಕಿಯ ಗೂಡು ಇರೋ ಮರ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಹೆಣ್ಣು ಮರದ ಪೊಟರೆಯೊಳಗೆ ಹೋಗಿ ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ, ತನ್ನದೇ ಹಿಕ್ಕೆ ಮೆತ್ತಿ. ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟಿರುತ್ತದೆ. ವಾರಗಟ್ಟಲೆ ಗಂಡು ಹಣ್ಣು ತಂದು ಆ ಸೀಳಿನಲ್ಲಿ ಕೊಡಬೇಕು. ಗಂಡು ಬರದಿದ್ದರೆ ಒಳಗಿರೋರು ಉಪವಾಸ.

ನಾನು ಲೆನ್ಸ್ ಹಿಡಿದು ಹತ್ತಿರ ಹೋಗೋಕೆ ಹೊರಟೆ. ಗಂಡು ಹಕ್ಕಿ ಬಂತು, ರೆಕ್ಕೆಯ ಸದ್ದು ದೂರದಿಂದಲೇ ಕೇಳುತ್ತದೆ, ಹಳೇ ರೈಲು ಉಸಿರು ಬಿಟ್ಟ ಹಾಗೆ. ಬಂದು ಪಕ್ಕದ ಮರದಲ್ಲಿ ಕೂತಿತು. ಗೂಡಿಗೆ ಹೋಗಲಿಲ್ಲ. ನನ್ನನ್ನೇ ನೋಡುತ್ತಿತ್ತು. ಜೊತೆಗಿದ್ದ ವಾಚರ್ ಏನೂ ಬೈಯಲಿಲ್ಲ, ನನ್ನ ತೋಳು ಮುಟ್ಟಿ ಹಿಂದೆ ಬಾ ಅಂತ ಸನ್ನೆ ಮಾಡಿದರು. ತುಂಬಾ ಹಿಂದೆ ಹೋಗಿ ಪೊದೆಯ ಮರೆಯಲ್ಲಿ ಕೂತು, ದುರ್ಬೀನಿನಲ್ಲಿ ನೋಡುತ್ತಾ ಪೆನ್ಸಿಲ್ ತೆಗೆದೆ. ಅರ್ಧ ಗಂಟೆಯ ಮೇಲೆ ಅದು ಗೂಡಿಗೆ ಹೋಯಿತು. ಗಂಟಲಿನಿಂದ ಒಂದೊಂದೇ ಹಣ್ಣು ಮೇಲೆ ತಂದು, ಕೊಕ್ಕಿನ ತುದಿಗೆ ಉರುಳಿಸಿ, ಸೀಳಿನೊಳಗೆ ಇಟ್ಟಿತು. ನಾನು ಒಂದೊಂದಕ್ಕೂ ಹಾಳೆಯ ಅಂಚಿನಲ್ಲಿ ಒಂದು ಗೀಟು ಹಾಕಿದೆ. 27 ಗೀಟು. ಚಿತ್ರ ಅಂದರೆ ಇಲ್ಲಿ ಇರೋದು ಒಂದು ವಕ್ರ ಗೆರೆಯ ಕೊಕ್ಕು, ಅರ್ಧ ರೆಕ್ಕೆ, ಮತ್ತು ಆ ಗೀಟುಗಳು.

ಸ್ಕೆಚ್ ಬುಕ್ ತಂದಿದ್ದೇನೆ, ಕೈಯಿಂದ ಕೈಗೆ ಕಳಿಸುತ್ತೇನೆ. ಕುದುರೆಮುಖದ್ದು ಮೊದಲಲ್ಲೇ ಸಿಗುತ್ತದೆ, ಕಲೆ ನೋಡಿ ಗುರುತು ಹಿಡಿಯಬಹುದು. ಮಂಗಟ್ಟೆಯದು ನಡುವೆ ಎಲ್ಲೋ ಇದೆ. ಪೆನ್ಸಿಲ್ ಗೆರೆ, ಬೆರಳು ತಾಗಿದರೆ ಅಳಿಸುತ್ತದೆ, ಹಾಳೆಯ ಅಂಚು ಮಾತ್ರ ಹಿಡಿದುಕೊಳ್ಳಿ. ಅದು ಹಿಂದಿನ ಸಾಲಿಗೆ ಹೋಗಿ ಬರೋ ಅಷ್ಟರಲ್ಲಿ, ನಿಮ್ಮಲ್ಲಿ ಯಾರ ಫೋನಿನಲ್ಲಾದರೂ ಒಂದು ಕಾಡಿನ ಚಿತ್ರ ಇದ್ದರೆ ತೆಗೆಯಿರಿ. ಅದನ್ನು ತೆಗೆಯುವಾಗ ನೀವು ಎಲ್ಲಿ ನಿಂತಿದ್ದಿರಿ, ಪಕ್ಕದಲ್ಲಿ ಯಾರಿದ್ದರು ಅನ್ನೋದರಿಂದ ಶುರು ಮಾಡೋಣ. ಯಾರು ಮೊದಲು ಹೇಳುತ್ತೀರಿ?