ಸರ್ಪಸುತ್ತಿಗೆ ಉಪವಾಸ ಮದ್ದೇ? ಚರ್ಮದ ವೈರಸ್‌ಗಳು ಮತ್ತು ಆಟೊಫೇಜಿ ಜೀನ್‌ಗಳು

ಮೈಸೂರು, ಮಂಡ್ಯದಿಂದ ಬಂದಿರುವ ವಿದ್ಯಾರ್ಥಿಗಳೇ, ವೈದ್ಯಮಿತ್ರರೇ,

ಸರ್ಪಸುತ್ತಿಗೆ ಕೆಮ್ಮಣ್ಣು ಹಚ್ಚುವುದು ನಮ್ಮ ಹಳ್ಳಿಗಳ ಹಳೆಯ ರೂಢಿ. ಉಪವಾಸವಿದ್ದರೆ ಆಟೊಫೇಜಿ ಹೆಚ್ಚಿ ವೈರಸ್ ಸಾಯುತ್ತದೆ ಎಂಬುದು ಮೊಬೈಲಿನಲ್ಲಿ ಬರುವ ಹೊಸ ಮಾತು. ಯಾವ ವೈರಸ್, ಯಾವ ಜೀವಕೋಶ ಎಂದು ಯಾರೂ ಕೇಳುವುದಿಲ್ಲ.

ಜೀವಕೋಶವು ತನ್ನ ಹಾಳಾದ ಭಾಗಗಳನ್ನು ಎರಡು ಪೊರೆಯ ಚೀಲದಲ್ಲಿ ಕಟ್ಟಿ, ಕೋಶದ ಜೀರ್ಣಚೀಲವಾದ ಲೈಸೋಸೋಮಿಗೆ ಸಾಗಿಸಿ ಕರಗಿಸುವುದೇ ಆಟೊಫೇಜಿ. ಇದಕ್ಕೆ ಬೇಕಾದ 15 ಜೀನ್‌ಗಳನ್ನು ಯೋಶಿನೋರಿ ಓಸುಮಿ ಅವರ ಪ್ರಯೋಗಾಲಯ 1993ರಲ್ಲಿ ಯೀಸ್ಟಿನಲ್ಲಿ ಗುರುತಿಸಿತು. 2016ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ದೇಹದಲ್ಲಿ ಚೀಲ ಕಟ್ಟುವ ಕೆಲಸಕ್ಕೆ ಚಾಲನೆ ಕೊಡುವುದು ಬೆಕ್ಲಿನ್-1 ಎಂಬ ಪ್ರೋಟೀನು. ಎಲ್‌ಸಿ3 ಪ್ರೋಟೀನಿಗೆ ಕೊಬ್ಬಿನ ಅಣು ಜೋಡಿಸಿ ಪೊರೆಗೆ ಅಂಟಿಸಲು ಎಟಿಜಿ5, ಎಟಿಜಿ12, ಎಟಿಜಿ16ಎಲ್1 ಎಂಬ ಆಟೊಫೇಜಿ ಪ್ರೋಟೀನುಗಳು ಮೂರೂ ಸೇರಬೇಕು. ಹೀಗೆ ಕೊಬ್ಬು ಜೋಡಿಸಿಕೊಂಡ ಎಲ್‌ಸಿ3ಯೇ ಎಲ್‌ಸಿ3-2.

ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್ ಸಿಂಪ್ಲೆಕ್ಸ್-1 ವೈರಸ್ಸಿನ ಐಸಿಪಿ34.5 ಪ್ರೋಟೀನು ನೇರವಾಗಿ ಬೆಕ್ಲಿನ್-1ಕ್ಕೆ ಅಂಟಿ ಅದನ್ನು ಕಟ್ಟಿಹಾಕುತ್ತದೆ. ಹಾಗಾದರೆ ಆಟೊಫೇಜಿ ಎಲ್ಲೆಡೆಯೂ ರಕ್ಷಕನೇ? ಇಲಿಗಳ ಅಧ್ಯಯನ ಹೇಳುವುದು ಬೇರೆ: ಎಟಿಜಿ5 ಇಲ್ಲದಾಗ ನರಕೋಶಗಳಲ್ಲಿ ವೈರಸ್ ಹೆಚ್ಚುತ್ತದೆ, ಚರ್ಮದ ಹೊರಪದರದ ಕೆರಟಿನೊಸೈಟ್‌ಗಳಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಚರ್ಮಕ್ಕೆ ಟೈಪ್-1 ಇಂಟರ್‌ಫೆರಾನ್ ಎಂಬ ವೈರಸ್-ನಿರೋಧಕ ಸಂಕೇತ ಪ್ರೋಟೀನು ಸಾಕಾಗುತ್ತದೆ. ವಿಭಜಿಸದ, ಸತ್ತರೆ ಮತ್ತೆ ಹುಟ್ಟದ ನರಕೋಶಕ್ಕೆ ಕೋಶವನ್ನು ಕೊಲ್ಲದ ದಾರಿಯೇ ಬೇಕು.

ಸೀತಾಳೆ ಸಿಡುಬು, ಸರ್ಪಸುತ್ತು ಎರಡಕ್ಕೂ ಕಾರಣವಾದ ವ್ಯಾರಿಸೆಲ್ಲಾ-ಜೋಸ್ಟರ್‌ಗೆ ಐಸಿಪಿ34.5 ಇಲ್ಲವೇ ಇಲ್ಲ. ಗುಳ್ಳೆಯ ಕೋಶಗಳಲ್ಲಿ ಆಟೊಫೇಜಿ ಚೀಲಗಳು ತುಂಬಿರುತ್ತವೆ. ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಲ್ಲಿ ಎಟಿಜಿ5 ಅಡಗಿಸಿದರೆ ವೈರಸ್ಸಿನ ಇಳುವರಿಯೇ ಕುಗ್ಗುತ್ತದೆ, ಹೊದಿಕೆಯ ಜಿಇ ಗ್ಲೈಕೊಪ್ರೋಟೀನು ಸರಿಯಾಗಿ ತಯಾರಾಗುವುದಿಲ್ಲ. ಅಂದರೆ ಮೊಬೈಲಿನ ಸಲಹೆ ಈ ವೈರಸ್ಸಿಗೇ ಅನುಕೂಲವಾದೀತು! ರೋಗಿಗೆ ಬೇಕಾದದ್ದು ಗುಳ್ಳೆ ಎದ್ದ 72 ಗಂಟೆಯೊಳಗೆ ಎಸೈಕ್ಲೊವಿರ್ ಎಂಬ ವೈರಸ್-ನಿರೋಧಕ ಔಷಧಿ: ವಯಸ್ಕರಿಗೆ ಸಾಮಾನ್ಯವಾಗಿ 800 ಮಿಲಿಗ್ರಾಂ, ದಿನಕ್ಕೆ ಐದು ಸಲ, ಏಳು ದಿನ, ಮೂತ್ರಪಿಂಡ ಸೋತಿದ್ದರೆ ಪ್ರಮಾಣ ಇಳಿಸಬೇಕು.

ನರಹುಲಿ ತರುವ ಗುಂಪಾದ ಪ್ಯಾಪಿಲೋಮಾ ವೈರಸ್ಸಿನ 16ನೇ ಮಾದರಿ ಕೋಶಕ್ಕೆ ಅಂಟುತ್ತಲೇ ಕೋಶಕ್ಕೆ ಬೆಳೆಯಲು ಹೇಳುವ ಎಂಟಾರ್ ಸಂಕೇತ ಎಬ್ಬಿಸಿ ಆಟೊಫೇಜಿಯನ್ನು ತಗ್ಗಿಸುತ್ತದೆ. ಕೈಯ ನರಹುಲಿಗೆ ಸಾಮಾನ್ಯವಾಗಿ 1, 2, 4ನೇ ಮಾದರಿಗಳು ಕಾರಣ. ಆ ಫಲಿತಾಂಶವನ್ನು ಇಲ್ಲಿಗೆ ಎಳೆದು ತರಬೇಡಿ.

ಪ್ರಯೋಗಾಲಯದವರು ಎಡವುವುದು ಅಳತೆಯಲ್ಲಿ. ಪ್ರೋಟೀನುಗಳನ್ನು ಪಟ್ಟಿಗಳಾಗಿ ತೋರಿಸುವ ವೆಸ್ಟರ್ನ್ ಬ್ಲಾಟಿನಲ್ಲಿ ಎಲ್‌ಸಿ3-2ರ ಪಟ್ಟಿ ದಪ್ಪವಾದೊಡನೆ 'ಆಟೊಫೇಜಿ ಹೆಚ್ಚಿತು' ಎಂದು ಬರೆದುಬಿಡುತ್ತಾರೆ. ಚೀಲಗಳು ಕರಗದೆ ನಿಂತರೂ ಅದೇ ಪಟ್ಟಿ ದಪ್ಪವಾಗುತ್ತದೆ. ಆದ್ದರಿಂದ ಸೋಂಕು ಇರುವ, ಇಲ್ಲದ ಕೋಶಗಳೆರಡನ್ನೂ ಲೈಸೋಸೋಮಿನಲ್ಲಿ ಚೀಲ ಕರಗುವುದನ್ನು ತಡೆಯುವ ಬ್ಯಾಫಿಲೊಮೈಸಿನ್ ಅನ್ನು 100 ನ್ಯಾನೊಮೋಲಾರ್ ಹಾಕಿ, ಹಾಕದೆ, ಎರಡರಿಂದ ನಾಲ್ಕು ಗಂಟೆ ಇಟ್ಟು ನಾಲ್ಕು ಲೇನ್ ಓಡಿಸಿ. ಬ್ಯಾಫಿಲೊಮೈಸಿನ್ ಹಾಕಿದಾಗಲೂ ಎಲ್‌ಸಿ3-2 ಮತ್ತಷ್ಟು ಏರದಿದ್ದರೆ, ಚೀಲ ಕಟ್ಟಿ ಕರಗಿಸುವ ಹರಿವು ಮೊದಲೇ ನಿಂತಿತ್ತು ಎಂದು ಶಂಕಿಸಿ. ಆಟೊಫೇಜಿಯಲ್ಲಿ ತಾನೂ ಕರಗುವ ಪಿ62 ಪ್ರೋಟೀನಿನ ಅಳತೆ ಜೊತೆಗಿರಲಿ, ಆದರೆ ಸೋಂಕು ಅದರ ಉತ್ಪಾದನೆಯನ್ನೇ ಬದಲಿಸಬಹುದು. ಅದರ ಆರ್‌ಎನ್‌ಎಯನ್ನೂ ಅಳೆಯಿರಿ.